ಕೀಲೆಣ್ಣೆ, ಟೂಟಿ ಮತ್ತು ಬೈಕಿನ ಆಯಿಲ್ಲು

ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರನ್ನಾದರೂ ಹಿಡಿದು ‘ಬೈಕಿಗೆ ಯಾವ ಆಯಿಲ್ ಹಾಕ್ಸಿದ್ರೆ ಒಳ್ಳೇದು?’ ಅಂತ ಕೇಳಿ ನೋಡಿ. ಉತ್ತರದ ಮೇಲೇ ಹೇಳಿದವರ ವಯಸ್ಸು ಗೊತ್ತಾಗಿಬಿಡುತ್ತದೆ. ಅರವತ್ತು ದಾಟಿದವರು ‘ದಪ್ಪ ಇದ್ದಿದ್ದು ಹಾಕ್ಸು ತಮಾ, ಘಟ್ಟದ ರಸ್ತೆ’ ಅನ್ನುತ್ತಾರೆ. ನಲವತ್ತರ ಆಸುಪಾಸಿನವರು ‘ಅದೆಲ್ಲ ಮೆಕ್ಯಾನಿಕ್‌ಗೆ ಗೊತ್ತಿರ್ತು ಮಾರಾಯಾ’ ಅನ್ನುತ್ತಾರೆ. ಕಾಲೇಜು ಹುಡುಗರದ್ದು ‘ಫುಲ್ ಸಿಂಥೆಟಿಕ್, ಬೇರೆ ಮಾತೇ ಇಲ್ಲೆ’. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಪ್ರತಿಯೊಬ್ಬರೂ ತಾವು ಓಡಿಸಿ ಪಳಗಿದ ಗಾಡಿಯನ್ನು ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ, ಅಷ್ಟೇ. ಹಾಗಾಗಿ ಆಯಿಲ್ ಆರಿಸುವ ಮೊದಲು ಅದರ ಇತಿಹಾಸ ಸ್ವಲ್ಪ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ.

‘ದಪ್ಪ ಎಣ್ಣೆ ಒಳ್ಳೇದು’ ಅನ್ನುವ ನಂಬಿಕೆ ಬೈಕಿಗಿಂತ ಹಳೆಯದು. ಎತ್ತಿನ ಗಾಡಿಯ ಕಾಲದಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕುತ್ತಿದ್ದರು. ಅಚ್ಚು ಕಿರ್ ಅಂದರೆ ಇಳಿದು ಬಳಿಯುವುದು. ಅಲ್ಲಿ ಎಣ್ಣೆ ಜಾರಿ ಹೋಗದೆ ಅಂಟಿಕೊಂಡಿರಬೇಕಿತ್ತು, ಹಾಗಾಗಿ ದಪ್ಪ ಇದ್ದಷ್ಟೂ ಅನುಕೂಲ. ಮೋಟಾರು ಎಂಜಿನ್ನಿಗೂ ಶುರುವಿನಲ್ಲಿ ಇದೇ ಹರಳೆಣ್ಣೆಯ ನೆಂಟಸ್ತಿಕೆ ಇತ್ತು. ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರುಮಾಡಿದ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಆಯಿಲ್ ತಂದು, ಅದರ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ನಿಂದಲೇ ‘ಕ್ಯಾಸ್ಟ್ರೋಲ್’ ಅಂತ ಹೆಸರಿಟ್ಟಿತು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನು ಹರಳೆಣ್ಣೆಯಲ್ಲೇ ಓಡಿತು.

ನಮ್ಮ ಕಡೆ ಬೈಕು ಅಂದರೆ ಬಹಳ ಕಾಲ ಮೈಸೂರಿನದೇ. ಅಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಂತು. ಮೂಲ ಜೆಕೊಸ್ಲೊವಾಕಿಯಾದ್ದು, 250 ಸಿಸಿ, ಟೂ ಸ್ಟ್ರೋಕ್. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡಿತು. ಇಬ್ಬರನ್ನು ಕೂರಿಸಿಕೊಂಡು, ನಡುವೆ ಅಡಿಕೆ ಚೀಲವನ್ನೂ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿದ ಗಾಡಿ ಅದು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಗೆ ಬೇರೆ ಜಾಗವಿಲ್ಲ. ಅದು ಪೆಟ್ರೋಲಿನ ಜೊತೆಗೇ ಒಳಗೆ ಹೋಗಿ, ತನ್ನ ಕೆಲಸ ಮುಗಿಸಿ, ಪೆಟ್ರೋಲಿನ ಜೊತೆಗೇ ಉರಿದು ಹೊಗೆಯಾಗಿ ಹೋಗಬೇಕು. ಅದಕ್ಕೇ ಬಂಕಿನಲ್ಲಿ ಪೆಟ್ರೋಲ್ ಹಾಕುವವನು ಮೊದಲು ‘ಟೂಟಿ ಎಷ್ಟು?’ ಅಂತ ಕೇಳುತ್ತಿದ್ದ. ಜಾವಾಕ್ಕೆ ಸಾಮಾನ್ಯವಾಗಿ 25ಕ್ಕೆ 1ರ ಲೆಕ್ಕ, ಅಂದರೆ ಲೀಟರಿಗೆ 40 ಮಿ.ಲೀ. ಆಯಿಲ್ ಸುರಿದು, ಪೆಟ್ರೋಲ್ ಬಿಟ್ಟು, ಗಾಡಿಯನ್ನು ಆಚೆ ಈಚೆ ನಾಲ್ಕು ಸಲ ಅಲ್ಲಾಡಿಸಿ ಹೊರಡುವುದು. ಕಡಿಮೆಯಾದರೆ ಏರಿನ ನಡುವೆ ಪಿಸ್ಟನ್ ಹಿಡಿದು ಗಾಡಿ ನಿಂತೇ ಹೋಗುತ್ತಿತ್ತು. ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ, ಸೈಲೆನ್ಸರಿನಲ್ಲಿ ಕರಿ. ಎರಡರಲ್ಲಿ ಹೊಗೆಯೇ ವಾಸಿ ಅಂತ ಜನ ಒಂದು ಮುಚ್ಚಳ ಜಾಸ್ತಿಯೇ ಹಾಕುತ್ತಿದ್ದರು. ‘ಆಯಿಲ್ ಹೆಚ್ಚಾದ್ರೆ ನಷ್ಟ ಇಲ್ಲ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿ.

1985ರಲ್ಲಿ ಎರಡು ಗಾಡಿ ಬಂದವು. ಒಂದು ಯಮಹಾ ಆರ್‌ಎಕ್ಸ್ 100. ಟೂ ಸ್ಟ್ರೋಕೇ, ಆದರೆ ಆಯಿಲ್ಲಿಗೆ ಬೇರೆ ಟ್ಯಾಂಕು, ಅಳತೆ ನೋಡಿ ಕೊಡಲು ಒಂದು ಪಂಪು. ಇನ್ನೊಂದು ಹೀರೋ ಹೋಂಡಾ ಸಿಡಿ 100, ಫೋರ್ ಸ್ಟ್ರೋಕ್. ಪೆಟ್ರೋಲ್ ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಅಂತಲೇ ಅದರ ಜಾಹೀರಾತು. 1994ರಲ್ಲಿ ಸ್ಪ್ಲೆಂಡರ್ ಬಂತು. 1996ಕ್ಕೆ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು, ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. 2000ದ ಹೊಗೆ ನಿಯಮಗಳ ನಂತರ ಟೂ ಸ್ಟ್ರೋಕ್ ಬೈಕಿಗೆ ಉಳಿಗಾಲವಿರಲಿಲ್ಲ.

ಈ ಬದಲಾವಣೆಯಲ್ಲಿ ನಮ್ಮ ಗಮನಕ್ಕೆ ಬಾರದ್ದು ಒಂದಿದೆ. ಟೂ ಸ್ಟ್ರೋಕ್ ಇದ್ದಾಗ ಪೆಟ್ರೋಲ್ ಹಾಕಿಸಿದ ಪ್ರತಿಸಲವೂ ಹೊಸ ಆಯಿಲ್ ಹಾಕಿದಂತೆಯೇ. ಮರೆಯಲು ಗಾಡಿಯೇ ಬಿಡುತ್ತಿರಲಿಲ್ಲ. ಫೋರ್ ಸ್ಟ್ರೋಕಿನಲ್ಲಿ ಅದೇ ಎಣ್ಣೆ ಕೆಳಗಿನ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಕೂತು ತಿರುಗುತ್ತದೆ. ಉರಿಯಬಾರದು, ಸುಮ್ಮನೆ ದುಡಿಯಬೇಕು. ಪಿಸ್ಟನ್, ಗೇರು, ಕ್ಲಚ್ಚು ಮೂರಕ್ಕೂ ಅದೊಂದೇ. ಅದು ಕಪ್ಪಾದರೂ ಕಮ್ಮಿಯಾದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಪೆಟ್ರೋಲಿನ ಜೊತೆ ನಾವು ಆಯಿಲ್ಲನ್ನೂ ಮರೆತೆವು. ‘ಮೆಕ್ಯಾನಿಕ್‌ಗೆ ಗೊತ್ತಿರ್ತು’ ಅನ್ನುವುದು ಈ ಕಾಲದ ಉತ್ತರ.

ಹಾಗಾದರೆ ಡಬ್ಬಿಯ ಮೇಲೆ ಏನು ನೋಡಬೇಕು? ಮೊದಲು ಎರಡು ಅಂಕಿ. ಎಣ್ಣೆಯ ದಪ್ಪಕ್ಕೆ ನಂಬರು ಕೊಡುವ ಪದ್ಧತಿಯನ್ನು ಅಮೆರಿಕದ ಎಸ್‌ಎಇ ಸಂಸ್ಥೆ 1911ರಲ್ಲೇ ತಂದಿತು. 10ಡಬ್ಲ್ಯು-30 ಅಂದರೆ ಡಬ್ಲ್ಯು ವಿಂಟರಿನದು, ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಸ್ಪ್ಲೆಂಡರಿನಂಥ ಗಾಡಿಗೆ 10ಡಬ್ಲ್ಯು-30, ಪಲ್ಸರ್ 150ಗೆ 20ಡಬ್ಲ್ಯು-50 ಅಂತ ಕಂಪನಿಯೇ ಪುಸ್ತಕದಲ್ಲಿ ಬರೆದಿರುತ್ತದೆ. ಹಳೇ ಮದ್ರಾಸ್ ಬುಲೆಟ್ಟಿಗೆ ದಪ್ಪ ಎಣ್ಣೆ ಸರಿಯಾಗಿಯೇ ಇತ್ತು. ಅದರಲ್ಲಿ ಸಂದು ದೊಡ್ಡದು, ಗೇರ್‌ಬಾಕ್ಸು ಬೇರೆಯೇ. ಆ ಲೆಕ್ಕವನ್ನು ಸ್ಪ್ಲೆಂಡರಿಗೆ ತಂದರೆ, ಬೆಳಿಗ್ಗೆ ಕಿಕ್ ಹೊಡೆದ ಕೂಡಲೇ ಮೇಲಿನ ಕ್ಯಾಮಿನವರೆಗೆ ಎಣ್ಣೆ ಏರುವುದು ತಡವಾಗುತ್ತದೆ, ಮೈಲೇಜೂ ಇಳಿಯುತ್ತದೆ.

ಆಮೇಲೆ ಎರಡಕ್ಷರ. ಕಾರಿನ ಆಯಿಲ್ಲಿನಲ್ಲಿ ಪೆಟ್ರೋಲ್ ಉಳಿಸಲಿಕ್ಕೆ ಜಾರಿಸುವ ರಾಸಾಯನಿಕ ಸೇರಿಸುವುದು ತೊಂಬತ್ತರ ದಶಕದಲ್ಲಿ ಜೋರಾಯಿತು. ಕಾರಿಗೆ ತೊಂದರೆ ಇಲ್ಲ, ಅದರ ಕ್ಲಚ್ಚು ಒಣಗಿದ್ದು. ಬೈಕಿನ ಕ್ಲಚ್ ಪ್ಲೇಟು ಎಣ್ಣೆಯಲ್ಲೇ ಮುಳುಗಿರುತ್ತದೆ. ಅದು ಜಾರಿದರೆ ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದಕ್ಕೇ ಜಪಾನಿನವರು 1998ರಲ್ಲಿ ಬೈಕಿಗೇ ಬೇರೆ ಮಾನದಂಡ ಮಾಡಿದರು, ಜಾಸೋ. ಎಂಎ ಅಂತಿದ್ದರೆ ಗೇರಿನ ಬೈಕಿಗೆ. ಎಂಬಿ ಅಂತಿದ್ದರೆ 2001ರಲ್ಲಿ ಬಂದ ಆ್ಯಕ್ಟಿವಾದಂಥ ಸ್ಕೂಟರಿಗೆ. ಹೆಂಡತಿಯ ಸ್ಕೂಟರಿನಲ್ಲಿ ಉಳಿದ ಅರ್ಧ ಡಬ್ಬಿಯನ್ನು ಗಂಡನ ಬೈಕಿಗೆ ಸುರಿಯುವ ಉಳಿತಾಯ ಅರೆಬೈಲ್ ಘಟ್ಟ ಹತ್ತುವಾಗ ದುಬಾರಿಯಾಗುತ್ತದೆ.

ಈ ಅಕ್ಷರ ಓದುವುದು ನಮ್ಮ ತೋಟದ ಮನೆಗಳಲ್ಲಿ ಇನ್ನೂ ಮುಖ್ಯ. ನಮ್ಮ ಕೊಟ್ಟಿಗೆಯ ಶೆಲ್ಫಿನಲ್ಲೇ ಈಗ ನಾಲ್ಕು ಡಬ್ಬಿ ಇವೆ: ಪವರ್ ಟಿಲ್ಲರಿನದು, ಬೈಕಿನದು, ಸ್ಕೂಟರಿನದು, ಮತ್ತೆ ಹುಲ್ಲು ಹೊಡೆಯುವ ಮಷಿನ್ನಿಗೆ ಟೂಟಿ. ಹೌದು, ರಸ್ತೆ ಬಿಟ್ಟ ಟೂಟಿ ತೋಟದಲ್ಲಿ ಉಳಿದುಕೊಂಡಿದೆ! ಕೈಗೆ ಸಿಕ್ಕಿದ್ದನ್ನು ಸುರಿದರೆ ಉರಿಯಬೇಕಾದ್ದು ತೊಟ್ಟಿಗೂ, ತೊಟ್ಟಿಯಲ್ಲಿ ಇರಬೇಕಾದ್ದು ಉರಿಯಲಿಕ್ಕೂ ಹೋಗುತ್ತದೆ.

ಸಿಂಥೆಟಿಕ್ ಹುಡುಗರಿಗೂ ಒಂದು ಮಾತು. ಅದು ಒಳ್ಳೆಯ ಎಣ್ಣೆಯೇ, ಜೋರು ಬಿಸಿಯನ್ನು ತಡೆಯುತ್ತದೆ. ಆದರೆ ನಮ್ಮ ಗಾಡಿಗಳ ಕಷ್ಟ ಬಿಸಿಯದ್ದಲ್ಲ. ಮಳೆಗಾಲದಲ್ಲಿ ಕೋಲಸಿರ್ಸಿಯಂಥ ಊರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಎರಡು ಕಿಲೋಮೀಟರ್ ಹೋಗಿ ಬರುವ ಬೈಕು ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ಪಸೆ ಆವಿಯಾಗದೆ ಎಣ್ಣೆಯಲ್ಲೇ ನಿಂತು ಮಜ್ಜಿಗೆಯಂತಾಗುತ್ತದೆ. ಅಂಥ ಗಾಡಿಗೆ ದುಬಾರಿ ಎಣ್ಣೆಯನ್ನು ವರ್ಷಗಟ್ಟಲೆ ಇಡುವುದಕ್ಕಿಂತ ಪುಸ್ತಕದಲ್ಲಿ ಹೇಳಿದ ಸಾಧಾರಣ ಎಣ್ಣೆಯನ್ನೇ ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಮೇಲು. ಇಳಿಸಿದ ಕರಿ ಎಣ್ಣೆಯನ್ನು ಅಬ್ಬಿಗೋ ಬಾವಿಯ ಬದಿಗೋ ಚೆಲ್ಲದೆ ಗ್ಯಾರೇಜಿನ ಡ್ರಮ್ಮಿಗೇ ಕೊಟ್ಟುಬನ್ನಿ. ಆ ನೀರನ್ನು ಕುಡಿಯುವವರು ನಾವೇ.

ಯೆಜ್ಡಿಯ ಕಾಲದಲ್ಲಿ ‘ಟೂಟಿ ಎಷ್ಟು?’ ಅಂತ ಕೇಳಲು ಬಂಕಿನಲ್ಲಿ ಒಬ್ಬನಿದ್ದ. ಈಗ ಕೇಳುವವರಿಲ್ಲ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಆಯಿಲ್ ಬದಲಿಸಿದ ದಿನ ಮತ್ತು ಕಿಲೋಮೀಟರು ಬರೆದಿಡುತ್ತೇವೆ. ದಿನಾ ನೋಡುವ ಜಾಗ ಅದೊಂದೇ.