ಪಾಳಿಯಿಂದ ಪಾಳಿಗೆ ಪುಸ್ತಕ

ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಕಾರ್ಖಾನೆಗಳಲ್ಲಿ ಆ ಕೆಲಸ ಓದುಗರ ಪಾಲಿಗೇ ಬಂತು. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿಕೊಂಡ ಜಾಲಹಳ್ಳಿಯಿಂದ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳು ದೂರ. ನಾನಾ ಭಾಷೆಗಳವರು ದುಡಿಯುತ್ತಿದ್ದ ಈ ಸಾರ್ವಜನಿಕ ಉದ್ದಿಮೆಗಳಲ್ಲಿ ಕನ್ನಡ ಮೂಲೆಗುಂಪಾದೀತೆಂಬ ಆತಂಕವೂ ಇತ್ತು; ಕನ್ನಡ ಸಂಘಗಳು ಬೆಳೆದದ್ದು ಅದರಿಂದಲೇ.

ಅನಕೃ ಇರಲಿ, ತ್ರಿವೇಣಿ ಇರಲಿ, ಒಂದೇ ಪ್ರತಿ ಪಾಳಿಯಿಂದ ಪಾಳಿಗೆ ಕೈ ದಾಟುತ್ತಿತ್ತು. ‘ಓದಿ ನೋಡಿ ಸ್ವಾಮಿ’ ಎಂಬುದೇ ಅದರ ವಿಮರ್ಶೆ. ಸಪ್ಪೆ ಪುಸ್ತಕವನ್ನು ಹೊಗಳಿದವನು ಮರುದಿನ ಊಟದ ಹೊತ್ತಿಗೆ ಗೆಳೆಯರಿಗೆ ಮುಖ ತೋರಿಸಬೇಕಲ್ಲ! ಪತ್ರಿಕೆಯ ವಿಮರ್ಶಕರಿಗೆ (ನಮಗೂ ಸೇರಿ) ಆ ಭಯವಿಲ್ಲ.

2016ರಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ಹಿಂತಿರುಗಿಸದ ಪುಸ್ತಕಗಳು ಯಾರ ಮನೆಯ ಅಟ್ಟದಲ್ಲಿವೆಯೋ.