ಕಾಂಪೌಂಡ್ ದಾಟಿದ ಕರೆಂಟಿನ ಗಾಡಿ

ಬೆಂಗಳೂರಿನ ರಸ್ತೆಗಳಿಗೆ ಇಳಿಯುವ ಎಷ್ಟೋ ವರ್ಷ ಮೊದಲೇ ವಿದ್ಯುತ್ ಗಾಡಿಗಳು ಈ ಊರಿನಲ್ಲಿ ಸರಕು ಹೊರುತ್ತಿದ್ದವು. ಆದರೆ ಅವು ಕಾರ್ಖಾನೆಯ ಕಾಂಪೌಂಡ್ ದಾಟುತ್ತಿರಲಿಲ್ಲ. ಒಂದು ಷೆಡ್ಡಿನಿಂದ ಇನ್ನೊಂದು ಷೆಡ್ಡಿಗೆ ಬಿಡಿಭಾಗಗಳ ಪೆಟ್ಟಿಗೆ ಸಾಗಿಸಲು, ಉಗ್ರಾಣದಲ್ಲಿ ಮಾಲು ಎತ್ತಿಡಲು ಬ್ಯಾಟರಿ ಗಾಡಿಗಳೇ ಬೇಕಾಗಿದ್ದವು. ಮುಚ್ಚಿದ ಷೆಡ್ಡಿನೊಳಗೆ ಡೀಸೆಲ್ ಹೊಗೆ ಬಿಡುವಂತಿಲ್ಲವಷ್ಟೆ. ಷಿಫ್ಟ್ ಮುಗಿದ ಮೇಲೆ ಗಾಡಿಯನ್ನು ಮೂಲೆಯ ಚಾರ್ಜರಿಗೆ ಕಟ್ಟಿಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ಮತ್ತೆ ಸಿದ್ಧ. ಗಾಡಿ ಯಾರದ್ದೋ ಪ್ಲಗ್ಗೂ ಅವರದ್ದೇ ಆಗಿದ್ದುದರಿಂದ ಚಾರ್ಜಿಂಗ್ ಎಂಬುದು ಆಗ ಒಂದು ಸಮಸ್ಯೆಯೇ ಆಗಿರಲಿಲ್ಲ.

ಇಂದು ಅದೇ ತತ್ವದ ಗಾಡಿ ಹಸಿರು ನಂಬರ್ ಪ್ಲೇಟ್ ಹೊತ್ತು ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಗೇಟಿನ ಮುಂದೆ ಕಾಣಿಸುತ್ತಿದೆ. ಕೊಳ್ಳುವವರಿಗೆ ಗಾಡಿಯ ಆಯ್ಕೆ ಅಷ್ಟೇನೂ ಕಷ್ಟವಲ್ಲ. ರಾತ್ರಿ ಅದನ್ನು ಎಲ್ಲಿ ಕಟ್ಟಿಹಾಕುವುದು ಎಂಬಲ್ಲಿಂದ ಕಷ್ಟ ಶುರುವಾಗುತ್ತದೆ. ಈ ತೊಡಕು ನಿನ್ನೆ ಮೊನ್ನೆಯದಲ್ಲ, ಇದಕ್ಕೊಂದು ಚರಿತ್ರೆಯೇ ಇದೆ.

ಮೊದಲಿಗೆ ಬಂದದ್ದು ಬೀದಿ ದೀಪ

ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ಅದು ಸಿಕ್ಕಿದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್‌ನಲ್ಲಿ. ಬೀದಿ ದೀಪ ಹತ್ತಿತು, ಮನೆಗಳಿಗೆ, ಗಿರಣಿಗಳಿಗೆ ತಂತಿ ಎಳೆದದ್ದಾಯಿತು. ಆದರೆ ವಾಹನ ಮಾತ್ರ ಕರೆಂಟಿಗೆ ಬರಲಿಲ್ಲ. ಮದರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮ್ ಓಡಿತ್ತು. ದೇಶದಲ್ಲೇ ಮುಂಚಿತವಾಗಿ ಬೀದಿಗೆ ವಿದ್ಯುತ್ ದೀಪ ಹಾಕಿಸಿಕೊಂಡ ಬೆಂಗಳೂರು ಒಂದು ಟ್ರಾಮನ್ನೂ ಕಾಣಲಿಲ್ಲ. ಇಲ್ಲಿ ಸರಕು ಎತ್ತಿನ ಗಾಡಿಯಿಂದ ನೇರವಾಗಿ ಲಾರಿಗೆ ಹತ್ತಿತು.

ಹೊರದೇಶಗಳಲ್ಲಿ ಕತೆ ಬೇರೆ ಇತ್ತು. ಇಂಗ್ಲೆಂಡಿನಲ್ಲಿ ದಶಕಗಳ ಕಾಲ ಬೆಳಗಿನ ಹಾಲು ಮನೆಮನೆಗೆ ಬರುತ್ತಿದ್ದುದು ಬ್ಯಾಟರಿ ಗಾಡಿಯಲ್ಲಿ. ನಿಧಾನವಾದ, ಸದ್ದಿಲ್ಲದ ಗಾಡಿ. ನಿಗದಿತ ದಾರಿ, ಹೆಜ್ಜೆಗೊಂದು ನಿಲುಗಡೆ, ಹೊತ್ತೇರುವಷ್ಟರಲ್ಲಿ ಡೇರಿಗೆ ವಾಪಸ್. ಅಲ್ಲೂ ಗಾಡಿ ಡೇರಿಯದು, ಪ್ಲಗ್ ಡೇರಿಯದು. ಪೆಟ್ರೋಲ್ ಕಾರಿನ ಎದುರು ಸೋತು ಮೂಲೆ ಸೇರಿದ್ದ ವಿದ್ಯುತ್ ವಾಹನ ಹಾಲಿನವರ ಕೈಯಲ್ಲಿ ಮಾತ್ರ ಬದುಕುಳಿದದ್ದಕ್ಕೆ ಇದೇ ಕಾರಣ.

ಪೀಣ್ಯದ ದಾರಿಗಳು

ಪೀಣ್ಯಕ್ಕೂ ಈ ಹಾಲಿನ ಗಾಡಿಯ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. 1966ರ ಕಾಯ್ದೆಯ ಮೂಲಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿತು. ಆಮೇಲೆ, 1970ರ ದಶಕದಲ್ಲಿ, ತುಮಕೂರು ರಸ್ತೆಯ ಪಕ್ಕ ಬೆಳೆದ ಈ ಬಡಾವಣೆಯಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಷೆಡ್ಡುಗಳೇ ಹೆಚ್ಚು. ಒಂದು ಸಣ್ಣ ಶಾಫ್ಟ್ ಕೂಡ ಇಲ್ಲಿ ಒಂದೇ ಸೂರಿನಡಿ ಪೂರ್ತಿಯಾಗುವುದಿಲ್ಲ. ಒಂದು ಷೆಡ್ಡಿನಲ್ಲಿ ಲೇತ್ ಕೆಲಸವಾದರೆ, ಇನ್ನೊಂದು ಕ್ರಾಸಿನಲ್ಲಿ ಅದಕ್ಕೆ ಕಾವು ಕೊಟ್ಟು ಗಟ್ಟಿ ಮಾಡುತ್ತಾರೆ. ಮೂರನೆಯ ಕಡೆ ಗ್ರೈಂಡಿಂಗ್, ನಾಲ್ಕನೆಯ ಕಡೆ ಪ್ಲೇಟಿಂಗ್. ಇದಕ್ಕೆ ಜಾಬ್ ವರ್ಕ್ ಎಂದು ಹೆಸರು. ಬಿಡಿಭಾಗ ತಯಾರಾಗುವಷ್ಟರಲ್ಲಿ ಐದಾರು ಬಾರಿ ಗಾಡಿ ಹತ್ತಿ ಇಳಿದಿರುತ್ತದೆ.

ಈ ಓಡಾಟವನ್ನು ಒಂದು ಕಾಲಕ್ಕೆ ಮೂರು ಚಕ್ರದ ಟೆಂಪೊಗಳು ಮಾಡಿದವು. ಆ ಕಂಪೆನಿಯ ಹೆಸರೇ ಬೆಂಗಳೂರಿಗರ ಬಾಯಲ್ಲಿ ಎಲ್ಲ ಲಗೇಜ್ ಗಾಡಿಗಳಿಗೂ ನಿಂತುಬಿಟ್ಟಿದೆ. ಆಮೇಲೆ ಮೆಟಡಾರ್ ಬಂತು, ಲಗೇಜ್ ಆಟೊ ಬಂತು. 2005ರಲ್ಲಿ ಟಾಟಾ ಕಂಪೆನಿಯ ಏಸ್ ಬಂದ ಮೇಲೆ ಚಿತ್ರವೇ ಬದಲಾಯಿತು. ಸಾಲ ಮಾಡಿ ಒಂದು ಏಸ್ ಕೊಂಡರೆ ಚಾಲಕನೇ ಮಾಲೀಕ. ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಬಾಡಿಗೆಗೆ ಕಾದು ನಿಲ್ಲುವ ಗಾಡಿಗಳ ಸಾಲು ಬೆಳೆದದ್ದು ಹಾಗೆ. ಡೇರಿಯ ಗಾಡಿಗೂ ಈ ಗಾಡಿಗೂ ಇರುವ ವ್ಯತ್ಯಾಸ ಒಂದೇ. ಸಂಜೆ ಹಿಂದಿರುಗಲು ಇದಕ್ಕೆ ಡಿಪೋ ಇಲ್ಲ. ಚಾಲಕನ ಮನೆಯ ಮುಂದಿನ ರಸ್ತೆಯೇ ಅದರ ಡಿಪೋ.

ರೇವಾ ಕಲಿಸಿದ ಪಾಠ

ಕಾಂಪೌಂಡ್ ದಾಟುವ ಮೊದಲ ಗಟ್ಟಿ ಪ್ರಯತ್ನ ನಡೆದದ್ದು ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಬೊಮ್ಮಸಂದ್ರದಲ್ಲಿ. ಅದನ್ನು ಮಾಡಿದವರು, ಕಾರ್ಖಾನೆಗಳ ಒಳಗಿನ ಸರಕು ಸಾಗಣೆಗೆ ಬ್ಯಾಟರಿ ಗಾಡಿ ತಯಾರಿಸುತ್ತಿದ್ದ ಮೈನಿ ಸಮೂಹದವರೇ. ಸುದರ್ಶನ್ ಮೈನಿಯವರ ಮಗ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿ ಕಾರು ಕಟ್ಟಿದ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಸೌರ ಓಟದಲ್ಲಿ ಗೆದ್ದಿತ್ತು. 1994ರಲ್ಲಿ ಅಮೆರಿಕದ ಅಮೆರಿಗಾನ್ ಕಂಪೆನಿಯ ಜೊತೆ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪೆನಿ ಶುರುವಾಯಿತು. ರೇವಾ ಎಂಬುದು ಚೇತನ್ ಅವರ ತಾಯಿಯ ಹೆಸರು.

2001ರಲ್ಲಿ ಮಾರಾಟಕ್ಕೆ ಬಂದ ಪುಟ್ಟ ಎರಡು ಬಾಗಿಲ ರೇವಾ ಸೀಸ ಮತ್ತು ಆಮ್ಲದ ಬ್ಯಾಟರಿಯಿಂದ ಓಡುತ್ತಿತ್ತು. ಒಮ್ಮೆ ಪೂರ್ತಿ ಚಾರ್ಜಾದರೆ 80 ಕಿಲೋಮೀಟರ್. ಚಾರ್ಜರನ್ನು ಕಾರಿನೊಳಗೇ ಕೂರಿಸಿದ್ದರು. ಗೀಸರಿಗೆ ಹಾಕುವಂಥ 15 ಆಂಪಿಯರ್ ಪ್ಲಗ್ ಪಾಯಿಂಟ್ ಒಂದಿದ್ದರೆ ಸಾಕು, ರಾತ್ರಿ ಎಂಟು ಗಂಟೆ ಬಿಟ್ಟರೆ ಕಾರು ಸಿದ್ಧ. ರಸ್ತೆ ಬದಿಯಲ್ಲಿ ಒಂದು ಚಾರ್ಜಿಂಗ್ ಕೇಂದ್ರವೂ ಇಲ್ಲದ ಕಾಲದಲ್ಲಿ ಇದು ಜಾಣತನದ ನಿರ್ಧಾರವೇ ಸರಿ. ಮನೆಯ ಗೋಡೆಯನ್ನೇ ಪೆಟ್ರೋಲ್ ಬಂಕ್ ಮಾಡಿದ್ದರು.

ಆದರೆ ಯಾರ ಮನೆಯ ಗೋಡೆ? ಸ್ವಂತ ಮನೆ, ಒಳಗೇ ಗ್ಯಾರೇಜು ಇದ್ದವರು ರೇವಾ ಕೊಂಡು ಸುಖವಾಗಿ ಓಡಿಸಿದರು. ಮೂರನೇ ಮಹಡಿಯಲ್ಲಿ ಮನೆ, ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಇದ್ದವರಿಗೆ ಆ 15 ಆಂಪಿಯರ್ ಪಾಯಿಂಟ್ ದೊಡ್ಡ ಬೆಟ್ಟವಾಯಿತು. ಕೆಳಗಿನ ಕರೆಂಟು ಎಲ್ಲರದ್ದು, ಬಿಲ್ಲು ಯಾರದ್ದು ಎಂಬ ಪ್ರಶ್ನೆಗೆ ಸಂಘದ ಸಭೆಗಳಲ್ಲಿ ಉತ್ತರ ಸಿಗುತ್ತಿರಲಿಲ್ಲ. ಇತ್ತ ಲಂಡನ್ನಿನಲ್ಲಿ 2003ರಿಂದ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ಸುಂಕ ಬಿತ್ತು, ವಿದ್ಯುತ್ ವಾಹನಕ್ಕೆ ವಿನಾಯಿತಿ ಸಿಕ್ಕಿತು. ಬೊಮ್ಮಸಂದ್ರದ ಕಾರು ಅಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ತವರಿಗಿಂತ ಗಂಡನ ಮನೆಯಲ್ಲೇ ಹೆಚ್ಚು ಮರ್ಯಾದೆ ಪಡೆದ ಮಗಳು ಎನ್ನಬಹುದು.

2010ರಲ್ಲಿ ಮಹೀಂದ್ರ ಕಂಪೆನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಕೇಂದ್ರ ಘೋಷಿಸಿದ ಸಬ್ಸಿಡಿ 2012ರ ಮಾರ್ಚಿಗೆ ನಿಂತುಹೋಯಿತು. 2013ರಲ್ಲಿ ಬಂದ ಇ2ಒ ಕಾರು ಲಿಥಿಯಂ ಬ್ಯಾಟರಿಯದು, ಆದರೂ ಹೆಚ್ಚು ದಿನ ಬಾಳಲಿಲ್ಲ. ಬೊಮ್ಮಸಂದ್ರದ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. 2016ರಲ್ಲಿ ಮಹೀಂದ್ರ ಇ-ಸುಪ್ರೊ ಎಂಬ ನಾಲ್ಕು ಚಕ್ರದ ಸರಕು ವ್ಯಾನನ್ನು, 2018ರಲ್ಲಿ ಟ್ರಿಯೊ ಆಟೊವನ್ನು, 2020ರಲ್ಲಿ ಅದರದೇ ಸರಕಿನ ರೂಪವಾದ ಟ್ರಿಯೊ ಜೋರ್ ಅನ್ನು ತಂದಿತು. ಕಾರಿನಲ್ಲಿ ಗೆಲ್ಲಲಾಗದ್ದು ಲಗೇಜ್ ಆಟೊದಲ್ಲಿ ಕೈಗೂಡಿತು. ವೈಟ್‌ಫೀಲ್ಡಿನಲ್ಲಿ ತನ್ನ ಮೊದಲ ಕಾರ್ಖಾನೆ ತೆರೆದ ಏಥರ್ ಕಂಪೆನಿಯ ಸ್ಕೂಟರ್ ಮಾರಾಟ ಶುರುವಾದದ್ದೂ 2018ರಲ್ಲೇ. ಆ ಕಾರ್ಖಾನೆ ಆಮೇಲೆ ಗಡಿಯಾಚೆಯ ಹೊಸೂರಿಗೆ ಹೋಯಿತು.

ಸರಕಾರದ ಮೂರು ಆದೇಶಗಳು

ರಾಜ್ಯ ಸರಕಾರ 2017ರಲ್ಲಿ ವಿದ್ಯುತ್ ವಾಹನ ನೀತಿ ಪ್ರಕಟಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಆದರೆ ಗಾಡಿ ಕೊಳ್ಳುವವರ ದೃಷ್ಟಿಯಿಂದ ನೋಡಿದರೆ 2018 ಅದಕ್ಕಿಂತ ಮುಖ್ಯವಾದ ವರ್ಷ. ಆ ಏಪ್ರಿಲಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ, ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ ಎಂದು ಸ್ಪಷ್ಟಪಡಿಸಿತು. ಮೇಲ್ನೋಟಕ್ಕೆ ಶಬ್ದದ ಆಟದಂತೆ ಕಾಣುತ್ತದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ವಿದ್ಯುತ್ ಮಾರುವಂತಿಲ್ಲ. ಸೇವೆ ಎಂದಾದ್ದರಿಂದ ಪಂಚರ್ ಅಂಗಡಿಯವರೂ ಒಂದು ಚಾರ್ಜರ್ ಇಟ್ಟುಕೊಳ್ಳಬಹುದು. ಅದೇ ವರ್ಷ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರ ಗೊತ್ತುಮಾಡಿತು, ಯೂನಿಟ್‌ಗೆ 4 ರೂಪಾಯಿ 85 ಪೈಸೆ. ಅಕ್ಟೋಬರಿನಲ್ಲಿ ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ ಪರ್ಮಿಟ್ ಬೇಕಿಲ್ಲವೆಂಬ ಆದೇಶ ಹೊರಬಿತ್ತು. ಪರ್ಮಿಟ್ಟಿಗಾಗಿ ಆರ್‌ಟಿಓ ಕಚೇರಿ ಸುತ್ತಿದವರಿಗೆ ಇದರ ಬೆಲೆ ಗೊತ್ತು.

ಟಾಟಾ ಕಂಪೆನಿ 2022ರ ಮೇ ತಿಂಗಳಲ್ಲಿ ಏಸ್ ಗಾಡಿಯ ವಿದ್ಯುತ್ ರೂಪವನ್ನು ತೋರಿಸಿತು. ಬ್ಯಾಟರಿ 21.3 ಯೂನಿಟ್, ಪ್ರಮಾಣಿತ ಓಟ 154 ಕಿಲೋಮೀಟರ್, ಹೊರುವ ತೂಕ 600 ಕಿಲೊ. 39,000 ಗಾಡಿಗಳಿಗೆ ಒಪ್ಪಂದವಾಗಿದೆ ಎಂದು ಅಂದೇ ಪ್ರಕಟಣೆಯಾಯಿತು. ಒಪ್ಪಂದ ಮಾಡಿಕೊಂಡವರು ಅಮೆಜಾನ್, ಬೆಂಗಳೂರಿನವೇ ಆದ ಫ್ಲಿಪ್‌ಕಾರ್ಟ್, ಬಿಗ್‌ಬಾಸ್ಕೆಟ್, ಲೆಟ್ಸ್‌ಟ್ರಾನ್ಸ್‌ಪೋರ್ಟ್ ಮುಂತಾದ ಕಂಪೆನಿಗಳು. ಉಗ್ರಾಣದ ಅಂಗಳದಲ್ಲೇ ಚಾರ್ಜರ್ ನಿಲ್ಲಿಸಬಲ್ಲವರು ಇವರು. ಹಾಲಿನ ಡೇರಿಯ ಲೆಕ್ಕ ಮತ್ತೆ ಬಂತು. ಜಾಲಹಳ್ಳಿ ಕ್ರಾಸಿನ ಸಾಲಿನಲ್ಲಿ ನಿಲ್ಲುವ ಚಾಲಕನ ಹೆಸರು ಆ ಪಟ್ಟಿಯಲ್ಲಿ ಇರುವುದು ಸಾಧ್ಯವಿರಲಿಲ್ಲ.

ಒಂದು ಗಾಡಿಯ ಲೆಕ್ಕ

2025ರ ಜೂನ್‌ನಲ್ಲಿ ಬಂದ ಏಸ್ ಪ್ರೊ ಆ ಚಾಲಕನಿಗೂ ಎಟಕುವಂಥದ್ದು. ಆಗ ಪೆಟ್ರೋಲಿನದಕ್ಕೆ ಆರಂಭದ ಬೆಲೆ 3.99 ಲಕ್ಷ ರೂಪಾಯಿ ಇತ್ತು, ವಿದ್ಯುತ್ತಿನದಕ್ಕೆ 6.50 ಲಕ್ಷ. ಎರಡೂವರೆ ಲಕ್ಷದ ವ್ಯತ್ಯಾಸ ತುಂಬಿಬರುವುದೆಂದಿಗೆ?

ತಿಂಗಳಿಗೆ 2,000 ಕಿಲೋಮೀಟರ್ ಓಟ ಎಂದು ಹಿಡಿಯೋಣ. ಪೆಟ್ರೋಲ್ ಗಾಡಿ ಲೀಟರಿಗೆ 20 ಕೊಟ್ಟರೂ 100 ಲೀಟರ್ ಬೇಕು. ಅದಕ್ಕೆ ಹತ್ತು ಸಾವಿರ ರೂಪಾಯಿಗೂ ಮೇಲೆ. ವಿದ್ಯುತ್ ಗಾಡಿಯ ಬ್ಯಾಟರಿ 14.4 ಯೂನಿಟ್ಟಿನದು. ಪ್ರಮಾಣಿತ ಓಟ 155 ಕಿಲೋಮೀಟರ್. ಹೇರು ಹೊತ್ತು, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ನಿಂತು ಸಾಗುವಾಗ 100 ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಚಾರ್ಜಿಂಗಿನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ 100 ಕಿಲೋಮೀಟರಿಗೆ 16 ಯೂನಿಟ್, ತಿಂಗಳಿಗೆ 320 ಯೂನಿಟ್. ಮನೆಯ ಮೀಟರಿನಲ್ಲಿ ಯೂನಿಟ್‌ಗೆ 6 ರೂಪಾಯಿಯಂತೆ 1,920 ರೂಪಾಯಿ. ಉಳಿತಾಯ ತಿಂಗಳಿಗೆ 8 ಸಾವಿರ, ಬಡ್ಡಿ ಬಿಟ್ಟರೆ ಎರಡೂವರೆ ವರ್ಷದಲ್ಲಿ ಹೆಚ್ಚುವರಿ ಬೆಲೆ ವಸೂಲು. ಅದೇ ಗಾಡಿಗೆ ಮನೆಯಲ್ಲಿ ಪ್ಲಗ್ಗಿಲ್ಲದೆ, ಹೊರಗಿನ ಕೇಂದ್ರದಲ್ಲಿ ಯೂನಿಟ್‌ಗೆ 18 ರೂಪಾಯಿ ತೆರಬೇಕಾಗಿ ಬಂದರೆ ಖರ್ಚು 5,760 ರೂಪಾಯಿ. ವಸೂಲಿಗೆ ನಾಲ್ಕೂವರೆ ವರ್ಷದ ಮೇಲಾಗುತ್ತದೆ. ಚಾರ್ಜರಿನ ಮುಂದೆ ಕಾಯುವ ಹೊತ್ತಿನಲ್ಲಿ ತಪ್ಪುವ ಬಾಡಿಗೆ ಬೇರೆ.

ಹಾಗಾದರೆ ಮನೆಯಲ್ಲೇ ಹಾಕಿಸಬಾರದೆ? ಕೆಲಸವೇನೋ ದೊಡ್ಡದಲ್ಲ. 15 ಆಂಪಿಯರ್ ಪಾಯಿಂಟ್ ಎಳೆಯುವುದು ಸುಮಾರು 3 ಕಿಲೋವಾಟ್. ಗೀಸರ್ ಒಂದನ್ನು ಐದಾರು ಗಂಟೆ ಬಿಡದೆ ಉರಿಸಿದ ಹಾಗೆ. ಆದ್ದರಿಂದ ಮೀಟರಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ, ಸೋರಿಕೆಯಾದರೆ ಕರೆಂಟು ಕಡಿಯುವ ಸಾಧನ, ಸರಿಯಾದ ಅರ್ಥಿಂಗ್ ಇರಬೇಕು. ಅರ್ಥಿಂಗ್ ಇಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಲಸವನ್ನೇ ಆರಂಭಿಸುವುದಿಲ್ಲ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು ಚಾರ್ಜ್ ಮಾಡುವುದು ಬೆಂಕಿಯ ಜೊತೆ ಸರಸ. ಮನೆಗೆ ಮಂಜೂರಾದ ಲೋಡ್ 2 ಕಿಲೋವಾಟ್ ಮಾತ್ರ ಇದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು, ಆಗ ನಿಗದಿತ ಶುಲ್ಕವೂ ಏರುತ್ತದೆ.

ಇನ್ನೊಂದು ತೊಡಕು 2023ರಲ್ಲಿ ಬಂದದ್ದು. ಗೃಹಜ್ಯೋತಿ ಯೋಜನೆಯಲ್ಲಿ ಮನೆಯೊಂದಕ್ಕೆ ಹಿಂದಿನ ವರ್ಷದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ, ಕರೆಂಟು ಉಚಿತ. ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಗಾಡಿ ಒಂದೇ 320 ಯೂನಿಟ್ ತಿಂದರೆ, ಮನೆಯ ದೀಪ, ಮಿಕ್ಸಿ, ಟಿವಿಗೆ ಈವರೆಗೆ ಬಾರದಿದ್ದ ಬಿಲ್ಲೂ ಬರುತ್ತದೆ. ಮನೆಯ ಬಳಕೆ 100 ಯೂನಿಟ್ ಇದ್ದರೆ ಇನ್ನೂ 600 ರೂಪಾಯಿ ಹೊರೆ. ಪೆಟ್ರೋಲಿನ ಎದುರು ಇದು ಸಣ್ಣ ಮೊತ್ತವೇ. ಆದರೆ ಸೊನ್ನೆ ಬಿಲ್ಲು ಬಿಟ್ಟುಕೊಡಲು ಮನೆಯವರನ್ನು ಒಪ್ಪಿಸುವುದು ಸಣ್ಣ ಕೆಲಸವಲ್ಲ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಕೇಂದ್ರ ಮಾಡಿದ ತಿದ್ದುಪಡಿಯ ಪ್ರಕಾರ ವಾಹನ ಚಾರ್ಜಿಂಗಿಗೆಂದೇ ಬೇರೆ ಸಂಪರ್ಕ ಕೇಳಬಹುದು. ಬೇರೆ ಮೀಟರು ಬಂದರೆ ಮನೆಯ ಮೀಟರಿನ ಲೆಕ್ಕ ಕೆಡುವುದಿಲ್ಲ. ವೈಟ್‌ಫೀಲ್ಡಿನ ಹೊಸ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲಿ ಇಂಥ ಮೀಟರುಗಳನ್ನು ಕಾಣಬಹುದು. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ ಸೇರಿಸಿದ ಅಂಶವೂ ಪಾರ್ಕಿಂಗಿನ ಶೇ 20 ಭಾಗವನ್ನು ಇದಕ್ಕೆ ಸಜ್ಜಾಗಿಡಿ ಎಂದೇ ಹೇಳಿದೆ. ಆದರೆ ಆ ಅಪಾರ್ಟ್‌ಮೆಂಟಿಗೆ ತರಕಾರಿ, ಫ್ರಿಜ್ಜು, ಸೋಫಾ ಹೊತ್ತು ತರುವ ಗಾಡಿ ರಾತ್ರಿ ತಂಗುವುದು ಅಲ್ಲಿ ಅಲ್ಲ. ಅದು ಲಗ್ಗೆರೆ, ಹೆಗ್ಗನಹಳ್ಳಿ, ಹೆಬ್ಬಗೋಡಿಯ ಇಕ್ಕಟ್ಟಿನ ಕ್ರಾಸುಗಳಲ್ಲಿ, ನಾಲ್ಕು ಸಂಸಾರ ಬಾಡಿಗೆಗಿರುವ ಕಟ್ಟಡದ ಮುಂದೆ ನಿಲ್ಲುತ್ತದೆ. ಮೀಟರ್ ಬೋರ್ಡು ಮಾಲೀಕರ ಹೆಸರಿನಲ್ಲಿದೆ, ಗಾಡಿ ನಿಲ್ಲುವ ಜಾಗ ನಗರಪಾಲಿಕೆಯದು.

ಬೊಮ್ಮಸಂದ್ರದಲ್ಲಿ ರೇವಾ ಕಟ್ಟಿದ ಚೇತನ್ ಮೈನಿ 2017ರಲ್ಲಿ ಉದಯ್ ಖೇಮ್ಕಾ ಅವರೊಂದಿಗೆ ಸ್ಥಾಪಿಸಿದ ಸನ್ ಮೊಬಿಲಿಟಿ ಕಂಪೆನಿ ಈ ಪ್ರಶ್ನೆಗೆ ಬೇರೆ ಉತ್ತರ ಹುಡುಕಿತು. ಖಾಲಿಯಾದ ಬ್ಯಾಟರಿಯನ್ನು ಕೇಂದ್ರದಲ್ಲಿ ಕೊಟ್ಟು, ತುಂಬಿದ್ದನ್ನು ಸಿಲಿಂಡರಿನಂತೆ ಬದಲಿಸಿಕೊಂಡು ಹೋಗುವುದು. ಮನೆಯ ಗೋಡೆಯ ಪ್ಲಗ್ಗನ್ನು ನೆಚ್ಚಿ ಕಾರು ಮಾಡಿದ್ದವರೇ ಹದಿನಾರು ವರ್ಷದ ನಂತರ, ಪ್ಲಗ್ಗೇ ಬೇಡವಾದ ಗಾಡಿಗಳತ್ತ ಹೊರಳಿದ್ದರು.