ಇಂಗ್ಲಿಷ್ ಕ್ರಿಯಾಪದದ ಕಾಲಸಂಖ್ಯೆ: ಒಂದು ಐತಿಹಾಸಿಕ ವಿಚಾರ

ಇಂಗ್ಲಿಷಿನಲ್ಲಿ ಕ್ರಿಯೆಯ ಕಾಲಗಳೆಷ್ಟೆಂಬ ವಿಷಯದಲ್ಲಿ ಆ ಭಾಷೆಯ ವೈಯಾಕರಣರಿಗೆ ಏಕಾಭಿಪ್ರಾಯವಿಲ್ಲ. ಈ ಮತಭೇದಕ್ಕೆ ಲ್ಯಾಟಿನ್ ವ್ಯಾಕರಣದ ಪ್ರಭಾವವೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಲ್ಯಾಟಿನ್ನಿನಲ್ಲಿ ಕಾಲಗಳು ಆರು. 'ಅಮೋ' ಎಂದರೆ ಪ್ರೀತಿಸುತ್ತೇನೆ, 'ಅಮಾಬೋ' ಎಂದರೆ ಪ್ರೀತಿಸುವೆನು. ಪದದ ರೂಪವೇ ಕಾಲವನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಾದರೋ ಪದರೂಪದಿಂದಲೇ ತಿಳಿಯುವ ಕಾಲಗಳು 'ಲವ್', 'ಲವ್ಡ್' ಎಂಬಂತೆ ಎರಡೇ. ಉಳಿದವು 'ಹ್ಯಾವ್', 'ಷಲ್', 'ವಿಲ್' ಮೊದಲಾದ ಸಹಾಯಕ ಕ್ರಿಯೆಗಳ ನೆರವಿನಿಂದ ಸಿದ್ಧಿಸುತ್ತವೆ.

ಜಾನ್ ವಾಲಿಸನು 1653ರಲ್ಲಿ ತನ್ನ ಇಂಗ್ಲಿಷ್ ವ್ಯಾಕರಣವನ್ನು ಲ್ಯಾಟಿನ್ ಭಾಷೆಯಲ್ಲಿಯೇ ಬರೆದು ಪ್ರಕಟಿಸಿದನು. ಆದರೂ ಲ್ಯಾಟಿನ್ನಿನ ಕಟ್ಟನ್ನು ಇಂಗ್ಲಿಷಿನ ಮೇಲೆ ಹೇರದೆ, ಕಾಲಗಳು ಎರಡೇ ಎಂದನು. 1761ರಲ್ಲಿ ಜೋಸೆಫ್ ಪ್ರೀಸ್ಟ್ಲಿಯೂ ಇಂಗ್ಲಿಷಿಗೆ ಭವಿಷ್ಯತ್ಕಾಲವನ್ನು ಆರೋಪಿಸಲು ಒಪ್ಪಲಿಲ್ಲ. ಆದರೆ ಲಿಂಡ್ಲಿ ಮರ್ರೆಯು 1795ರ ತನ್ನ ವ್ಯಾಕರಣದಲ್ಲಿ ಆರು ಕಾಲಗಳನ್ನೆಣಿಸಿದನು. ಶಾಲೆಗಳಲ್ಲಿ ಬಹುಕಾಲ ಪ್ರಚಾರದಲ್ಲಿದ್ದುದು ಈ ಗ್ರಂಥವೇ.

ವಾಲಿಸನ ಪಕ್ಷವನ್ನು ಹಿಡಿದರೆ ಇಂಗ್ಲಿಷಿನಲ್ಲಿ ಭವಿಷ್ಯದ ಮಾತನ್ನಾಡಲು ಬಾರದೆಂದು ಅರ್ಥವಲ್ಲ. ರೂಪ ಬೇರೆ, ಅರ್ಥ ಬೇರೆ. 'ಹಿ ಲೀವ್ಸ್ ಟುಮಾರೋ' ಎಂಬಲ್ಲಿ ರೂಪವು ವರ್ತಮಾನದ್ದು, ಅರ್ಥವು ಭವಿಷ್ಯದ್ದು. 'ನಾಳೆ ಬರುತ್ತೇನೆ' ಎನ್ನುವ ಕನ್ನಡಿಗನಿಗೆ ಇದು ಹೊಸದೇನೂ ಅಲ್ಲ. ಆದಕಾರಣ ವಿದ್ಯಾರ್ಥಿಯು ಕಾಲಗಳ ಹೆಸರುಗಳನ್ನು ಕಂಠಪಾಠ ಮಾಡುವುದಕ್ಕೆ ಮೊದಲು ಕ್ರಿಯೆಯ ರೂಪವನ್ನು ಗುರುತಿಸಲಿ. ಅರ್ಥವನ್ನು ವಾಕ್ಯದಿಂದ ನಿರ್ಣಯಿಸಲಿ. ಮೂರು ಶತಮಾನಗಳ ಈ ವಾದದಿಂದ ನಾವು ಪಡೆಯಬಹುದಾದ ಪ್ರಯೋಜನವಿದು.